ಒಂದು ಹೋಸ್ಟ್, ಮೂರು ವರ್ಚುವಲ್ ಮೆಷಿನ್: ಹೆಚ್ಚುವರಿ ಐಪಿ ವಿಳಾಸಗಳನ್ನು ವಿಎಂಗಳಿಗೆ ತಲುಪಿಸುವುದು ಹೇಗೆ?

ಪ್ರಶ್ನೆ: ಧಾರವಾಡ_ಪುಸ್ತಕಪಟ್ಟಿ

ಎಲ್ಲರಿಗೂ ನಮಸ್ಕಾರ.

ಧಾರವಾಡದ ಸುತ್ತಮುತ್ತಲಿನ ಕೆಲವು ಶಾಲೆ, ಕಾಲೇಜುಗಳ ಗ್ರಂಥಾಲಯಗಳಿಗೆ ಕೊಹಾ ತಂತ್ರಾಂಶದಲ್ಲಿ ಪುಸ್ತಕಪಟ್ಟಿ ನಡೆಸಿಕೊಡುವ ಕೆಲಸವನ್ನು ನಾವು ಮೂವರು ಸೇರಿ ಮಾಡುತ್ತಿದ್ದೇವೆ. ಇಷ್ಟು ದಿನ ಬೇರೆ ಬೇರೆ ಕಡೆ ಚಿಕ್ಕಪುಟ್ಟ ವಿಪಿಎಸ್‌ಗಳಲ್ಲಿ (ಬಾಡಿಗೆಯ ವರ್ಚುವಲ್ ಸರ್ವರ್‌ಗಳಲ್ಲಿ) ಇದ್ದ ಕೊಹಾ, ಜಾಲತಾಣ ಮತ್ತು ಮೇಲ್ ಸರ್ವರ್‌ಗಳನ್ನು ಒಂದೇ ಕಡೆ ತರಬೇಕೆಂದು ಕಳೆದ ತಿಂಗಳು 64 ಜಿಬಿ ಮೆಮೊರಿಯ ಒಂದು ಭೌತಿಕ ಸರ್ವರನ್ನು ಬಾಡಿಗೆಗೆ ಪಡೆದೆವು. ಅದರಲ್ಲಿ ಡೆಬಿಯನ್ 12 ಹಾಕಿ, ಒಂದೇ ಯಂತ್ರದೊಳಗೆ ಹಲವು ಯಂತ್ರಗಳನ್ನು ನಡೆಸುವ ಕೆವಿಎಂ ಮತ್ತು ಅದನ್ನು ನಿರ್ವಹಿಸುವ ಲಿಬ್‌ವರ್ಟ್ ಮೂಲಕ ಮೂರು ವರ್ಚುವಲ್ ಮೆಷಿನ್‌ಗಳನ್ನು (ವಿಎಂ) ಸಿದ್ಧಪಡಿಸಿದ್ದೇವೆ.

ಸರ್ವರ್ ಕೊಟ್ಟ ಸಂಸ್ಥೆಯಿಂದ ನಮಗೆ ಬಂದಿರುವ ವಿಳಾಸಗಳು ಹೀಗಿವೆ. ನಿಜವಾದ ಅಂಕಿಗಳ ಬದಲು, ಉದಾಹರಣೆಗೆಂದೇ ಮೀಸಲಾಗಿರುವ ವಿಳಾಸಗಳನ್ನು ಇಲ್ಲಿ ಬರೆದಿದ್ದೇನೆ. ಹೋಸ್ಟಿನ, ಅಂದರೆ ಭೌತಿಕ ಸರ್ವರಿನ, ಮುಖ್ಯ ವಿಳಾಸ 203.0.113.14, ಅದರ ಮಾಸ್ಕ್ (ಜಾಲದ ಗಾತ್ರ ಹೇಳುವ ಅಂಕಿ) /26, ಗೇಟ್‌ವೇ (ಹೊರಜಾಲಕ್ಕೆ ಹೋಗುವ ಬಾಗಿಲು) 203.0.113.1. ಇದಲ್ಲದೆ ತಿಂಗಳಿಗೆ ಪ್ರತ್ಯೇಕ ಶುಲ್ಕ ಕಟ್ಟಿ 198.51.100.40/29 ಎಂಬ ಹೆಚ್ಚುವರಿ ಸಬ್‌ನೆಟ್, ಅಂದರೆ ಎಂಟು ವಿಳಾಸಗಳ ಗುಂಪು, ಪಡೆದಿದ್ದೇವೆ. ಈ ಎರಡನೆಯದಕ್ಕೆ ಗೇಟ್‌ವೇ ಯಾವುದು ಎಂಬುದನ್ನು ಅವರ ಪತ್ರದಲ್ಲಿ ಎಲ್ಲಿಯೂ ಹೇಳಿಲ್ಲ.

ನಾನು ಮಾಡಿದ್ದು ಇಷ್ಟು. ಭೌತಿಕ ನೆಟ್‌ವರ್ಕ್ ಕಾರ್ಡನ್ನು ಬಿಆರ್0 ಎಂಬ ಬ್ರಿಡ್ಜ್‌ಗೆ ಸೇರಿಸಿ, ಹೋಸ್ಟಿನ ಮುಖ್ಯ ವಿಳಾಸವನ್ನು ಆ ಬ್ರಿಡ್ಜ್‌ಗೆ ಕೊಟ್ಟೆ. ಹೋಸ್ಟ್ ಎಂದಿನಂತೆ ಕೆಲಸ ಮಾಡಿತು. ಆಮೇಲೆ ಮೊದಲ ವಿಎಂ ಅನ್ನು ಅದೇ ಬ್ರಿಡ್ಜ್‌ಗೆ ಜೋಡಿಸಿ, ಅದಕ್ಕೆ 198.51.100.42 ವಿಳಾಸವನ್ನೂ 255.255.255.248 ಮಾಸ್ಕನ್ನೂ ಕೊಟ್ಟೆ. ಗೇಟ್‌ವೇ ಜಾಗದಲ್ಲಿ 203.0.113.1 ಬರೆದರೆ ಅದು ಈ ಸಬ್‌ನೆಟ್‌ಗೆ ಸೇರಿದ್ದಲ್ಲವೆಂದು ವಿಎಂ ಒಪ್ಪಲಿಲ್ಲ. ಗೇಟ್‌ವೇ ಇದೇ ತಂತಿಯ ಮೇಲಿದೆ ಎಂದು ಪ್ರತ್ಯೇಕವಾಗಿ ರೂಟ್ ಬರೆದ ಮೇಲೆ ಒಪ್ಪಿತಾದರೂ, ಪಿಂಗ್ ಮಾಡಿದರೆ ‘ಹೋಸ್ಟ್ ತಲುಪಲಾಗುತ್ತಿಲ್ಲ’ ಎಂಬ ಉತ್ತರವೇ ಬರುತ್ತಿದೆ. ವಿಎಂ ಒಳಗೆ ನೆರೆಹೊರೆಯ ಪಟ್ಟಿಯನ್ನು ನೋಡಿದರೆ 203.0.113.1 ಎದುರು ಮ್ಯಾಕ್ ವಿಳಾಸವೇ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಇಲ್ಲ.

ಇದಕ್ಕಿಂತ ಹೆಚ್ಚು ಚಿಂತೆಯಾಗಿರುವುದು ಇಂದು ಬೆಳಿಗ್ಗೆ ಸಂಸ್ಥೆಯಿಂದ ಬಂದಿರುವ ಎಚ್ಚರಿಕೆಯ ಪತ್ರದಿಂದ. ನಮ್ಮ ಪೋರ್ಟಿನಲ್ಲಿ 52:54:00 ಎಂದು ಆರಂಭವಾಗುವ, ಅನುಮತಿಯಿಲ್ಲದ ಮ್ಯಾಕ್ ವಿಳಾಸ ಕಾಣಿಸಿಕೊಂಡಿದೆ, 24 ಗಂಟೆಯೊಳಗೆ ಸರಿಪಡಿಸದಿದ್ದರೆ ಪೋರ್ಟನ್ನೇ ಮುಚ್ಚಲಾಗುವುದು ಎಂದು ಬರೆದಿದ್ದಾರೆ. ಅಂಥ ಯಾವ ಯಂತ್ರವೂ ನಮ್ಮಲ್ಲಿಲ್ಲವೆಂದು ಮೊದಲು ಅಂದುಕೊಂಡೆ. ನೋಡಿದರೆ ಅದು ನಮ್ಮ ವಿಎಂನದೇ ಮ್ಯಾಕ್.

ಬ್ರಿಡ್ಜ್ ವಿಧಾನವೇ ಇಲ್ಲಿ ತಪ್ಪೇ, ಅಥವಾ ನಾನು ಬರೆದ ಗೇಟ್‌ವೇ ತಪ್ಪೇ? ಎಲ್ಲ ವಿಎಂಗಳನ್ನೂ ಲಿಬ್‌ವರ್ಟಿನ 192.168.122.0/24 ಜಾಲದಲ್ಲಿ ಎನ್‌ಎಟಿ (ಹಲವು ಒಳವಿಳಾಸಗಳು ಹೋಸ್ಟಿನ ಒಂದೇ ವಿಳಾಸದಿಂದ ಹೊರಹೋಗುವ ವ್ಯವಸ್ಥೆ) ಹಿಂದೆ ಇಟ್ಟು, ಬೇಕಾದ ಪೋರ್ಟ್‌ಗಳನ್ನಷ್ಟೇ ಒಳಕ್ಕೆ ತಿರುಗಿಸುವುದು ಸುಲಭವೆಂದು ನನ್ನ ಸಹೋದ್ಯೋಗಿ ಹೇಳುತ್ತಿದ್ದಾರೆ. ಆದರೆ ಮೂರರಲ್ಲಿ ಒಂದು ಮೇಲ್ ಸರ್ವರ್ ಆಗಿರುವುದರಿಂದ ನನಗೆ ಹಿಂಜರಿಕೆಯಿದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.


ಉತ್ತರ: ತುಂಗಾತೀರ

ಮೊದಲ ಕೆಲಸವಾಗಿ ಆ ವಿಎಂ ಅನ್ನು ಈಗಲೇ ಬಿಆರ್0 ಬ್ರಿಡ್ಜಿನಿಂದ ಬಿಡಿಸಿ, ಬಿಡಿಸಿರುವುದಾಗಿ ಸಂಸ್ಥೆಗೆ ಉತ್ತರ ಬರೆಯಿರಿ. ಪೋರ್ಟ್ ಮುಚ್ಚಿಹೋದರೆ ಮುಂದಿನ ಯಾವ ಪರೀಕ್ಷೆಯನ್ನೂ ನೀವು ಮಾಡಲಾರಿರಿ.

ಬ್ರಿಡ್ಜ್ ಎಂಬುದು ತಂತ್ರಾಂಶದ ಒಂದು ಸ್ವಿಚ್. ಭೌತಿಕ ಕಾರ್ಡನ್ನು ಅದಕ್ಕೆ ಸೇರಿಸಿದಾಗ ನಿಮ್ಮ ವಿಎಂಗಳ ಮ್ಯಾಕ್ ವಿಳಾಸಗಳು ನೇರವಾಗಿ ಡೇಟಾ ಸೆಂಟರಿನ ಸ್ವಿಚ್ಚಿಗೆ ಕಾಣಿಸುತ್ತವೆ. ಮನೆಯಲ್ಲೋ ಕಚೇರಿಯಲ್ಲೋ ಇದರಿಂದ ತೊಂದರೆಯಿಲ್ಲ. ಅಲ್ಲಿನ ಸ್ವಿಚ್ ಎಷ್ಟು ಮ್ಯಾಕ್ ಬಂದರೂ ಕಲಿತುಕೊಳ್ಳುತ್ತದೆ. ಬಾಡಿಗೆ ಸರ್ವರ್‌ಗಳ ಡೇಟಾ ಸೆಂಟರ್‌ಗಳಲ್ಲಿ ಹಾಗಲ್ಲ. ಒಬ್ಬ ಗ್ರಾಹಕ ಇನ್ನೊಬ್ಬನ ವಿಳಾಸವನ್ನು ಕದಿಯಬಾರದೆಂದು, ಒಂದು ಪೋರ್ಟಿಗೆ ಒಂದೇ ಮ್ಯಾಕ್ ಎಂದು ಕಟ್ಟುನಿಟ್ಟು ಮಾಡಿರುತ್ತಾರೆ. 52:54:00 ಎಂಬುದು ಕೆವಿಎಂ ವಿಎಂಗಳಿಗೆ ಲಿಬ್‌ವರ್ಟ್ ಕೊಡುವ ಮ್ಯಾಕ್‌ಗಳ ಆರಂಭಭಾಗವಾದ್ದರಿಂದ, ಆ ಪತ್ರ ಬರೆದವರಿಗೆ ನೀವು ಏನು ಮಾಡಿದ್ದೀರೆಂಬುದು ನೋಡಿದ ಕೂಡಲೇ ತಿಳಿದಿರುತ್ತದೆ.

ಇನ್ನು ಮುಖ್ಯ ವಿಷಯ. ಬ್ರಿಡ್ಜ್ ಸರಿಯೋ ರೂಟಿಂಗ್ ಸರಿಯೋ ಎಂಬ ಪ್ರಶ್ನೆಗೆ ನಮ್ಮ ಇಷ್ಟದ ಮೇಲೆ ಉತ್ತರವಿಲ್ಲ. ಆ ಎಂಟು ವಿಳಾಸಗಳನ್ನು ಸಂಸ್ಥೆಯವರು ನಿಮ್ಮ ಸರ್ವರ್ ತನಕ ಹೇಗೆ ತಲುಪಿಸುತ್ತಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಳೆಯ ವಠಾರವೊಂದನ್ನು ನೆನೆಸಿಕೊಳ್ಳಿ. ಅಂಚೆಯವನು ಬಾಗಿಲಲ್ಲಿ ನಿಂತು ‘ಇಂಥವರು ಯಾರು?’ ಎಂದು ಕೂಗಿ, ಓಗೊಟ್ಟವರ ಕೈಗೆ ಕಾಗದ ಕೊಡುವುದು ಒಂದು ರೀತಿ. ವಠಾರಕ್ಕೆ ಬಂದ ಕಾಗದಗಳೆಲ್ಲವನ್ನೂ ಮುಂದಿನ ಮನೆಯ ಯಜಮಾನರ ಕೈಗೇ ಕೊಟ್ಟು ಹೋಗುವುದು ಇನ್ನೊಂದು ರೀತಿ. ಮೊದಲನೆಯದರಲ್ಲಿ ಗೇಟ್‌ವೇ ನಿಮ್ಮ ತಂತಿಯ ಮೇಲೆ ಎಆರ್‌ಪಿ ಪ್ರಶ್ನೆ ಕೇಳುತ್ತದೆ: 198.51.100.42 ಯಾರ ಬಳಿ ಇದೆ? ಎರಡನೆಯದರಲ್ಲಿ ಅದು ಏನನ್ನೂ ಕೇಳುವುದಿಲ್ಲ. ಆ ಸಬ್‌ನೆಟ್ಟಿನ ಪ್ಯಾಕೆಟ್‌ಗಳೆಲ್ಲವನ್ನೂ 203.0.113.14ರ ಮ್ಯಾಕ್ ವಿಳಾಸಕ್ಕೇ ಕಳುಹಿಸಿಬಿಡುತ್ತದೆ, ಮುಂದೆ ಹಂಚುವ ಹೊಣೆ ನಿಮ್ಮ ಹೋಸ್ಟಿನದು.

ಯಾವ ರೀತಿ ಎಂಬುದನ್ನು ಎರಡು ನಿಮಿಷದಲ್ಲಿ ಕಂಡುಕೊಳ್ಳಬಹುದು. ಹೆಚ್ಚುವರಿ ವಿಳಾಸಗಳನ್ನು ಎಲ್ಲಿಯೂ, ಹೋಸ್ಟಿಗಾಗಲಿ ವಿಎಂಗಾಗಲಿ, ಕೊಡದೆ ಇರಿ. ಹೋಸ್ಟಿನಲ್ಲಿ, ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಅನ್ನು ಭೌತಿಕ ಕಾರ್ಡಿನ ಮೇಲೆ, ಮ್ಯಾಕ್ ವಿಳಾಸಗಳನ್ನೂ ತೋರಿಸುವ ಆಯ್ಕೆಯೊಡನೆ ನಡೆಸಿ. ಆಮೇಲೆ ನಿಮ್ಮ ಮನೆಯ ಸಂಪರ್ಕದಿಂದಲೋ ಮೊಬೈಲಿನಿಂದಲೋ 198.51.100.42ಕ್ಕೆ ಪಿಂಗ್ ಮಾಡಿ. ಪಿಂಗ್‌ಗೆ ಉತ್ತರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಹೋಸ್ಟಿನ ಪರದೆಯ ಮೇಲೆ ಎಆರ್‌ಪಿ ಪ್ರಶ್ನೆ ಕಂಡಿತೋ, ಪಿಂಗ್ ಪ್ಯಾಕೆಟ್ಟೇ ಬಂದು ಇಳಿಯಿತೋ ಎಂಬುದನ್ನಷ್ಟೇ ನೋಡಿ ಇಲ್ಲಿ ತಿಳಿಸಿ. ಅದು ತಿಳಿಯದೆ ಯಾರೇ ಕೊಡುವ ಸಂರಚನೆಯೂ ಊಹೆಯಾಗುತ್ತದೆ.


ಧಾರವಾಡ_ಪುಸ್ತಕಪಟ್ಟಿ

ತುಂಗಾತೀರ ಅವರೇ, ಧನ್ಯವಾದಗಳು. ವಿಎಂ ಅನ್ನು ಬಿಡಿಸಿ ಸಂಸ್ಥೆಗೆ ಬರೆದಿದ್ದೇನೆ, ಗಡುವನ್ನು ಹಿಂತೆಗೆದುಕೊಂಡಿದ್ದಾರೆ.

ನೀವು ಹೇಳಿದಂತೆ ನೋಡಿದೆ. ಮೊಬೈಲಿನಿಂದ ಪಿಂಗ್ ಮಾಡಿದ ಕೂಡಲೇ ಹೋಸ್ಟಿನ ಪರದೆಯ ಮೇಲೆ ಸೆಕೆಂಡಿಗೊಂದರಂತೆ ಪಿಂಗ್ ಪ್ಯಾಕೆಟ್‌ಗಳೇ ಬಂದವು. ಕಳುಹಿಸಿದವರ ಮ್ಯಾಕ್ ಗೇಟ್‌ವೇಯದು, ತಲುಪಬೇಕಾದ ಮ್ಯಾಕ್ ನಮ್ಮ ಭೌತಿಕ ಕಾರ್ಡಿನದು, ತಲುಪಬೇಕಾದ ಐಪಿ 198.51.100.42. ಈ ವಿಳಾಸದ ಬಗ್ಗೆ ಒಂದು ಎಆರ್‌ಪಿ ಪ್ರಶ್ನೆಯೂ ಕಾಣಲಿಲ್ಲ. 40ರಿಂದ 47ರ ತನಕ ಎಂಟಕ್ಕೂ ಒಂದೊಂದಾಗಿ ಪಿಂಗ್ ಮಾಡಿದೆ, ಎಂಟೂ ಹಾಗೆಯೇ ಬಂದವು. ಅಂದರೆ ಕಾಗದಗಳೆಲ್ಲ ಯಜಮಾನರ ಕೈಗೇ ಬರುತ್ತಿವೆ ಎಂದು ತಿಳಿಯಲೇ?


ಉತ್ತರ: ತುಂಗಾತೀರ

ಹೌದು, ನಿಮ್ಮದು ರೂಟ್ ಮಾಡಿ ಕೊಟ್ಟಿರುವ ಸಬ್‌ನೆಟ್. ಗೇಟ್‌ವೇ ಯಾವುದೆಂದು ಪತ್ರದಲ್ಲಿ ಇಲ್ಲದಿರುವುದಕ್ಕೂ ಇದೇ ಕಾರಣ: ಆ ಸಬ್‌ನೆಟ್ಟಿನ ಗೇಟ್‌ವೇ ನಿಮ್ಮ ಹೋಸ್ಟೇ ಆಗಬೇಕು.

ಹೀಗೆ ಮಾಡಿ. ಬಿಆರ್1 ಎಂಬ ಇನ್ನೊಂದು ಬ್ರಿಡ್ಜ್ ರಚಿಸಿ, ಅದಕ್ಕೆ ಯಾವ ಭೌತಿಕ ಕಾರ್ಡನ್ನೂ ಸೇರಿಸಬೇಡಿ. ಅದು ಹೋಸ್ಟಿನ ಒಳಗಷ್ಟೇ ಇರುವ ಸ್ವಿಚ್. ಆ ಬ್ರಿಡ್ಜ್‌ಗೆ 198.51.100.41 ವಿಳಾಸವನ್ನು /29 ಮಾಸ್ಕಿನೊಡನೆ ಕೊಡಿ. ಹೋಸ್ಟಿನಲ್ಲಿ ಐಪಿ ಫಾರ್ವರ್ಡಿಂಗ್ ಮೌಲ್ಯ 1 ಆಗಿರಬೇಕು; ಇಲ್ಲವಾದರೆ ತನ್ನದಲ್ಲದ ಪ್ಯಾಕೆಟ್ಟನ್ನು ಲಿನಕ್ಸ್ ಸದ್ದಿಲ್ಲದೆ ಕೈಬಿಡುತ್ತದೆ. ವಿಎಂಗಳನ್ನು ಬಿಆರ್1ಕ್ಕೆ ಜೋಡಿಸಿ, 42ರಿಂದ 46ರ ವರೆಗಿನ ವಿಳಾಸಗಳನ್ನು ಕೊಟ್ಟು, ಎಲ್ಲದಕ್ಕೂ 198.51.100.41 ಅನ್ನೇ ಗೇಟ್‌ವೇ ಎಂದು ಬರೆಯಿರಿ. 40 ಜಾಲದ ಹೆಸರಿಗೂ 47 ಬ್ರಾಡ್‌ಕಾಸ್ಟಿಗೂ ಹೋಗಿ, 41 ಹೋಸ್ಟಿಗೆ ಸಂದು, ಐದು ವಿಎಂಗಳಿಗೆ ಜಾಗ ಉಳಿಯುತ್ತದೆ. ನಿಮ್ಮ ಮೂರಕ್ಕೆ ಇದು ಧಾರಾಳ. ಹೊರಗಿನ ಸ್ವಿಚ್ಚಿಗೆ ಹೋಸ್ಟಿನ ಒಂದೇ ಮ್ಯಾಕ್ ಕಾಣುವುದರಿಂದ ಎಚ್ಚರಿಕೆಯ ಪತ್ರಕ್ಕೂ ಕಾರಣವಿರುವುದಿಲ್ಲ.

ಮುಂದೆ ವಿಳಾಸಗಳು ಸಾಲದೆ ಹೋದರೆ ಎಂಟನ್ನೂ ಬಳಸುವ ದಾರಿಯಿದೆ. ಬಿಆರ್1ಕ್ಕೆ ಈ ಸಬ್‌ನೆಟ್ಟಿನ ವಿಳಾಸವನ್ನೇ ಕೊಡದೆ, ಹೋಸ್ಟಿನ ಮುಖ್ಯ ವಿಳಾಸವನ್ನು /32 ಮಾಸ್ಕಿನೊಡನೆ (ಒಂದೇ ವಿಳಾಸ ಎಂದರ್ಥ) ಅಲ್ಲಿಯೂ ಇಟ್ಟು, ಪ್ರತಿಯೊಂದು ವಿಎಂ ವಿಳಾಸಕ್ಕೂ ಬಿಆರ್1 ಕಡೆಗೆ ಒಂದೊಂದು /32 ರೂಟ್ ಬರೆಯುವುದು. ವಿಎಂಗಳಲ್ಲಿಯೂ ಮಾಸ್ಕ್ /32 ಆಗಿದ್ದು, 203.0.113.14 ಇದೇ ತಂತಿಯ ಮೇಲಿದೆ ಎಂದು ಹೇಳಿ ಅದನ್ನೇ ಗೇಟ್‌ವೇ ಮಾಡಬೇಕು. ಆಗ 40 ಮತ್ತು 47ಕ್ಕೂ ವಿಶೇಷ ಅರ್ಥ ಉಳಿಯದೆ ಅವೂ ಸಾಧಾರಣ ವಿಳಾಸಗಳಾಗುತ್ತವೆ. ಏಷ್ಯಾ ಪೆಸಿಫಿಕ್ ಭಾಗದ ವಿಳಾಸ ಹಂಚುವ ಎಪಿನಿಕ್ ಸಂಸ್ಥೆ 2011ರ ಏಪ್ರಿಲ್ 15ರಂದು ತನ್ನ ಕೊನೆಯ /8 ಭಾಗಕ್ಕೆ ಕೈಹಾಕಿದ ಮೇಲೆ ಐಪಿವಿ4 ವಿಳಾಸ ಎಂಬುದು ಬೆಲೆ ಕೊಟ್ಟು ಕೊಳ್ಳುವ ವಸ್ತುವಾಗಿದೆ. ಎಂಟಕ್ಕೆ ಹಣ ಕಟ್ಟಿ ಐದನ್ನೇ ಬಳಸುವುದು ಹಲವರಿಗೆ ಹೊರೆಯೇ. ಆದರೂ ನಿಮಗೆ ಈಗಲೇ ಇದನ್ನು ಹೇಳುವುದಿಲ್ಲ. ಆರು ತಿಂಗಳ ಬಳಿಕ ನಿಮ್ಮ ಮೂವರಲ್ಲಿ ಬೇರೊಬ್ಬರು ಬಂದು ಫೈಲ್ ತೆರೆದಾಗಲೂ ಓದಿದ ಕೂಡಲೇ ಅರ್ಥವಾಗುವುದು ಮೊದಲಿನ ವಿಧಾನ.

ಒಂದು ವೇಳೆ ಎಆರ್‌ಪಿ ಪ್ರಶ್ನೆಗಳು ಕಂಡಿದ್ದರೆ ಏನು ಎಂಬುದನ್ನೂ, ಇದೇ ಪುಟಕ್ಕೆ ಹುಡುಕಿಕೊಂಡು ಬರುವವರಿಗಾಗಿ ಬರೆಯುತ್ತೇನೆ. ಆಗ ಪ್ರತಿ ಹೆಚ್ಚುವರಿ ವಿಳಾಸಕ್ಕೂ ಪ್ರತ್ಯೇಕ ಮ್ಯಾಕ್ ಕೊಡಿರೆಂದು ಸಂಸ್ಥೆಯನ್ನು ಕೇಳಬೇಕು, ಸಿಕ್ಕ ಮ್ಯಾಕನ್ನೇ ವಿಎಂಗೆ ಅಕ್ಷರಶಃ ಬರೆದು ಬ್ರಿಡ್ಜ್ ವಿಧಾನದಲ್ಲಿ ಮುಂದುವರಿಯಬೇಕು. ಅವರು ಕೊಡದಿದ್ದರೆ ಹೊರಗಿನ ಕಾರ್ಡಿನ ಮೇಲೆ ಪ್ರಾಕ್ಸಿ ಎಆರ್‌ಪಿ ಹಾಕಿ, ವಿಎಂಗಳ ಪರವಾಗಿ ಹೋಸ್ಟೇ ಓಗೊಡುವಂತೆ ಮಾಡಿ, ಒಳಗೆ ಮೇಲೆ ಹೇಳಿದ /32 ರೂಟ್‌ಗಳನ್ನು ಬಳಸಬೇಕು.

ಎನ್‌ಎಟಿ ಬಗ್ಗೆ ನಿಮ್ಮ ಹಿಂಜರಿಕೆ ಸರಿಯಾದದ್ದು. ಮೇಲ್ ಸರ್ವರ್ ಎನ್‌ಎಟಿ ಹಿಂದಿದ್ದರೆ ಒಳಬರುವ 25ನೆಯ ಪೋರ್ಟನ್ನು ತಿರುಗಿಸಿಕೊಳ್ಳಬಹುದು, ಆದರೆ ಹೊರಹೋಗುವ ಪತ್ರಗಳು ಹೋಸ್ಟಿನ 203.0.113.14 ವಿಳಾಸ ಹೊತ್ತು ಹೋಗುತ್ತವೆ. ನಿಮ್ಮ ಎಸ್‌ಪಿಎಫ್ ದಾಖಲೆಯಲ್ಲಿ (ನಿಮ್ಮ ಪರವಾಗಿ ಪತ್ರ ಕಳುಹಿಸಬಹುದಾದ ಸರ್ವರ್‌ಗಳ ಪಟ್ಟಿ) ಒಂದು ವಿಳಾಸ, ರಿವರ್ಸ್ ಡಿಎನ್‌ಎಸ್‌ನಲ್ಲಿ (ವಿಳಾಸದಿಂದ ಹೆಸರು ಹುಡುಕುವ ದಾಖಲೆ) ಇನ್ನೊಂದು ಹೆಸರು, ಬಂದ ಪತ್ರದ ಮೇಲೆ ಮತ್ತೊಂದು ಮೂಲ ಎಂದಾದರೆ ಎದುರಿನ ಸರ್ವರ್ ಅದನ್ನು ಕಸದ ಬುಟ್ಟಿಗೆ ಹಾಕುವುದು ಸಹಜ. ಇನ್ನೂ ಕೆಟ್ಟದ್ದೊಂದಿದೆ. ಎನ್‌ಎಟಿಗಾಗಿ ಕಳುಹಿಸಿದವರ ವಿಳಾಸವನ್ನು ಬದಲಿಸುವ ಮಾಸ್ಕರೇಡ್ ನಿಯಮವನ್ನು ಮೂಲ ವಿಳಾಸವನ್ನಾಗಲಿ ಹೊರಗಿನ ಕಾರ್ಡನ್ನಾಗಲಿ ಹೆಸರಿಸದೆ ಬರೆದರೆ, ಹೊರಗಿನಿಂದ ಬರುವ ಸಂಪರ್ಕಗಳೂ ಹೋಸ್ಟಿನ ಒಳವಿಳಾಸವನ್ನು ಹೊತ್ತು ಮೇಲ್ ವಿಎಂ ತಲುಪುತ್ತವೆ. ಆ ವಿಳಾಸ ಮೇಲ್ ತಂತ್ರಾಂಶದ ನಂಬಿಕೆಯ ಪಟ್ಟಿಯಲ್ಲಿದ್ದರೆ, ಲೋಕದ ಯಾರು ಬೇಕಾದರೂ ನಿಮ್ಮ ಮೂಲಕ ಪತ್ರ ಕಳುಹಿಸಬಲ್ಲ ಸ್ಥಿತಿ ಬರುತ್ತದೆ. ಸಾರ್ವಜನಿಕ ವಿಳಾಸವಿರುವ ವಿಎಂಗೆ ಎನ್‌ಎಟಿ ಬೇಡ. ಡೇಟಾಬೇಸ್‌ನಂಥ, ಹೊರಗಿನವರು ನೋಡಬೇಕಾಗಿಲ್ಲದ ವಿಎಂ ಮುಂದೆ ಬಂದರೆ ಅದಕ್ಕೆ 10.10.10.0/24ರಂಥ ಖಾಸಗಿ ಜಾಲ ಕೊಟ್ಟು, ಮಾಸ್ಕರೇಡ್ ಅನ್ನು ಆ ಮೂಲಕ್ಕಷ್ಟೇ ಸೀಮಿತಗೊಳಿಸಿ. ಲಿಬ್‌ವರ್ಟಿನ ಪೂರ್ವನಿಯೋಜಿತ ಎನ್‌ಎಟಿ ಜಾಲ ನಿಮಗೆ ಬೇಡವಾದ್ದರಿಂದ ಅದು ತಾನಾಗಿ ಆರಂಭವಾಗದಂತೆ ಮಾಡುವುದು ಒಳ್ಳೆಯದು.

ಬಿಆರ್0 ಬ್ರಿಡ್ಜನ್ನು ಹಾಗೆಯೇ ಇರಲು ಬಿಡಿ ಎಂಬುದು ನನ್ನ ಸಲಹೆ. ಮುಖ್ಯ ವಿಳಾಸ ಅದರ ಮೇಲೆ ಸರಿಯಾಗಿ ನಡೆಯುತ್ತಿದೆ. ದೂರದ ಸರ್ವರಿನಲ್ಲಿ ನಡೆಯುತ್ತಿರುವುದನ್ನು ಮುಟ್ಟುವುದು ಬೇಡ.


ಉತ್ತರ: ಬಯಲುಸೀಮೆ

ತುಂಗಾತೀರ ಅವರು ಹೇಳಿದ್ದೆಲ್ಲ ಸರಿಯಾಗಿದೆ, ಕೊನೆಯ ಮಾತನ್ನು ಬಿಟ್ಟು. ಬಿಆರ್0 ಹಾಗೆಯೇ ಉಳಿದರೆ, ನಾಳೆ ಯಾರೋ ಹೊಸ ವಿಎಂ ರಚಿಸುವಾಗ ಪಟ್ಟಿಯಲ್ಲಿ ಮೊದಲು ಕಾಣುವ ಅದನ್ನೇ ಆರಿಸುತ್ತಾರೆ, 52:54:00 ಮತ್ತೆ ಹೊರಗೆ ಕಾಣಿಸುತ್ತದೆ. ಈ ಬಾರಿ 24 ಗಂಟೆ ಕೊಟ್ಟವರು ಮುಂದಿನ ಬಾರಿ ಕೊಡುತ್ತಾರೆಂಬ ಭರವಸೆಯಿಲ್ಲ. ಮುಖ್ಯ ವಿಳಾಸವನ್ನು ಮರಳಿ ಭೌತಿಕ ಕಾರ್ಡಿಗೇ ಕೊಟ್ಟು ಬಿಆರ್0 ತೆಗೆದುಹಾಕುವುದೇ ಒಳ್ಳೆಯದು. ಆದರೆ ಅದನ್ನು ಮಾಡುವ ಕ್ರಮವಿದೆ.

ಕೆಲವು ವರ್ಷಗಳ ಹಿಂದೆ ನಾನು ಬಳ್ಳಾರಿಯಲ್ಲಿ ಕುಳಿತು, ಬೆಂಗಳೂರಿನ ಡೇಟಾ ಸೆಂಟರಿನಲ್ಲಿದ್ದ ಸರ್ವರಿನ ಮಾಸ್ಕ್ ಬದಲಿಸುತ್ತಿದ್ದೆ. /26 ಎಂದು ಬರೆಯಬೇಕಾದಲ್ಲಿ /29 ಎಂದು ಬರೆದೆ. ಗೇಟ್‌ವೇ ಆ ಎಂಟು ವಿಳಾಸಗಳ ಹೊರಗೆ ಉಳಿದು, ನೆಟ್‌ವರ್ಕ್ ಮರುಪ್ರಾರಂಭವಾದಾಗ ರೂಟ್ ಸೇರಲೇ ಇಲ್ಲ. ಪರದೆಯ ಮೇಲಿನ ಕರ್ಸರ್ ನಿಂತಲ್ಲೇ ನಿಂತಿತು. ರಾತ್ರಿ ಹನ್ನೊಂದು ಗಂಟೆ. ಆ ಸರ್ವರಿಗೆ ದೂರದಿಂದ ಕನ್ಸೋಲ್ ನೋಡುವ ಸೌಲಭ್ಯವಿರಲಿಲ್ಲ, ಅಲ್ಲಿ ಮುಟ್ಟಿ ಸರಿಪಡಿಸುವವರೂ ಆ ಹೊತ್ತಿನಲ್ಲಿ ಇರಲಿಲ್ಲ. ರಾತ್ರಿಯ ಬಸ್ಸು ಹಿಡಿದು ಹೋಗಿ, ಬೆಳಿಗ್ಗೆ ಒಂದು ಅಂಕಿ ತಿದ್ದಿ ಬಂದೆ. ಅಷ್ಟು ಹೊತ್ತು ಅದರ ಮೇಲಿದ್ದ ಒಂದು ಆಸ್ಪತ್ರೆಯ ಸರತಿ ಚೀಟಿಯ ವ್ಯವಸ್ಥೆ ನಿಂತಿತ್ತು, ರೋಗಿಗಳು ಕೈಬರಹದ ಚೀಟಿ ಹಿಡಿದು ನಿಂತಿದ್ದರೆಂದು ಆಮೇಲೆ ತಿಳಿಯಿತು. ಅಂದಿನಿಂದ ಹಿಂತಿರುಗುವ ದಾರಿ ಇಟ್ಟುಕೊಳ್ಳದೆ ನಾನು ದೂರದ ನೆಟ್‌ವರ್ಕ್ ಮುಟ್ಟಿಲ್ಲ.

ಡೆಬಿಯನ್‌ನಲ್ಲಿ ನಾನು ಹೀಗೆ ಮಾಡುತ್ತೇನೆ. ಈಗಿನ ಸಂರಚನೆಯ ಫೈಲನ್ನು ಬೇರೆ ಹೆಸರಿನಲ್ಲಿ ನಕಲು ಮಾಡಿಡುತ್ತೇನೆ. ಹತ್ತು ನಿಮಿಷದ ಬಳಿಕ ಆ ನಕಲನ್ನು ಮೂಲ ಜಾಗಕ್ಕೆ ಹಾಕಿ ಸರ್ವರನ್ನು ರೀಬೂಟ್ ಮಾಡುವ ಒಂದು ಕೆಲಸವನ್ನು ಮೊದಲೇ ಸಮಯ ನಿಗದಿಪಡಿಸಿ ಇಡುತ್ತೇನೆ. ಆಮೇಲೆ ಹೊಸ ಫೈಲ್ ಹಾಕಿ ನೆಟ್‌ವರ್ಕ್ ಮರುಪ್ರಾರಂಭಿಸುತ್ತೇನೆ. ಹೊಸದಾಗಿ ಇನ್ನೊಂದು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ) ಸಂಪರ್ಕ ತೆರೆಯಲು ಸಾಧ್ಯವಾದರೆ ನಿಗದಿಪಡಿಸಿದ ಕೆಲಸವನ್ನು ರದ್ದು ಮಾಡುತ್ತೇನೆ. ಸಾಧ್ಯವಾಗದಿದ್ದರೆ ಹತ್ತು ನಿಮಿಷ ಕಾಯುವುದಷ್ಟೇ. ಹಳೆಯ ಸಂಪರ್ಕ ಇನ್ನೂ ಜೀವಂತವಾಗಿದೆ ಎಂಬುದನ್ನು ಪುರಾವೆ ಎಂದು ಎಣಿಸಬೇಡಿ, ಹೊಸದನ್ನೇ ತೆರೆದು ನೋಡಿ. ನಿಮ್ಮ ವಿಎಂಗಳಲ್ಲಿ ಉಬುಂಟು ಇದ್ದರೆ ಅಲ್ಲಿನ ನೆಟ್‌ವರ್ಕ್ ಸಂರಚನೆಯ ಸಾಧನವಾದ ನೆಟ್‌ಪ್ಲಾನ್‌ನಲ್ಲಿ ‘ಟ್ರೈ’ ಎಂಬ ಆಯ್ಕೆ ಇದೇ ಕೆಲಸ ಮಾಡುತ್ತದೆ: 120 ಸೆಕೆಂಡಿನೊಳಗೆ ನೀವು ಒಪ್ಪಿಗೆಯ ಕೀಲಿ ಒತ್ತದಿದ್ದರೆ ಹಳೆಯದಕ್ಕೆ ಮರಳುತ್ತದೆ.

ಇನ್ನೆರಡು ಎಚ್ಚರಿಕೆಗಳು. ರೂಟ್ ಆದ ವಿಎಂಗಳ ಪ್ಯಾಕೆಟ್‌ಗಳು ಹೋಸ್ಟಿನ ಫೈರ್‌ವಾಲ್‌ನಲ್ಲಿ ಇನ್‌ಪುಟ್ ಸರಣಿಯ (ಹೋಸ್ಟಿಗೇ ಬಂದ ಪ್ಯಾಕೆಟ್‌ಗಳ ನಿಯಮಗಳು) ಮೂಲಕ ಹೋಗುವುದಿಲ್ಲ, ಫಾರ್ವರ್ಡ್ ಸರಣಿಯ (ಹೋಸ್ಟ್ ಮುಂದಕ್ಕೆ ದಾಟಿಸುವ ಪ್ಯಾಕೆಟ್‌ಗಳ ನಿಯಮಗಳು) ಮೂಲಕ ಹೋಗುತ್ತವೆ. ಹೋಸ್ಟಿಗೆ ಬಿಗಿಯಾದ ಫೈರ್‌ವಾಲ್ ಇದೆ ಎಂದು ನಂಬಿ, ಅದರ ಹಿಂದಿನ ವಿಎಂಗಳನ್ನು ಪೂರ್ತಿ ತೆರೆದಿಟ್ಟಿರುವುದನ್ನು ನಾನು ಹಲವು ಕಡೆ ನೋಡಿದ್ದೇನೆ. ಹಾಗೆಯೇ ಬಿಆರ್1ಕ್ಕೆ 198.51.100.41 ಕೊಟ್ಟ ಕ್ಷಣದಿಂದ ಹೋಸ್ಟ್ ಆ ವಿಳಾಸದಲ್ಲಿಯೂ ಹೊರಲೋಕಕ್ಕೆ ಸಿಗುತ್ತದೆ. ನಿಮ್ಮ ಎಸ್‌ಎಸ್‌ಎಚ್ ನಿಯಮಗಳು 203.0.113.14 ಒಂದನ್ನೇ ಹೆಸರಿಸಿ ಬರೆದವಾಗಿದ್ದರೆ 41ನೆಯ ಬಾಗಿಲು ತೆರೆದೇ ಇರುತ್ತದೆ.

ಎರಡನೆಯದು, ಹೋಸ್ಟಿನ ಮೇಲೆ ನೇರವಾಗಿ ಡಾಕರ್ (ಕಂಟೇನರ್‌ಗಳನ್ನು ನಡೆಸುವ ತಂತ್ರಾಂಶ) ಹಾಕಬೇಡಿ. 2017ರ ಜನವರಿಯಲ್ಲಿ ಬಂದ 1.13ನೆಯ ಆವೃತ್ತಿಯಿಂದ ಈಚೆಗೆ ಅದು, ಐಪಿ ಫಾರ್ವರ್ಡಿಂಗನ್ನು ತಾನೇ ಆನ್ ಮಾಡಿದಾಗ, ಫಾರ್ವರ್ಡ್ ಸರಣಿಯ ಪೂರ್ವನಿಯೋಜಿತ ನೀತಿಯನ್ನು ‘ಡ್ರಾಪ್’ (ಕೈಬಿಡು) ಎಂದು ಬದಲಿಸುತ್ತದೆ. ನಿನ್ನೆ ತನಕ ನಡೆಯುತ್ತಿದ್ದ ವಿಎಂಗಳೆಲ್ಲ ಆಗ ಒಮ್ಮೆಲೇ ಮೌನವಾಗುತ್ತವೆ, ಅವುಗಳ ಸಂರಚನೆಯಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ. ಡಾಕರ್ ಬೇಕಾದರೆ ಒಂದು ವಿಎಂ ಒಳಗೆ ಹಾಕಿ.


ಉತ್ತರ: ಪಡುಗಡಲು

ಐಪಿವಿ4 ವಿಷಯ ಮುಗಿದಿದೆ ಎಂದುಕೊಂಡು ಅದರ ಮುಂದಿನ ಪೀಳಿಗೆಯ ವಿಳಾಸ ಪದ್ಧತಿಯಾದ ಐಪಿವಿ6 ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಇದನ್ನು ಆಮೇಲೆ ನೋಡೋಣವೆಂದು ಬಿಡುವವರೇ ಹೆಚ್ಚು. ನಿಮ್ಮ ಪುಸ್ತಕಪಟ್ಟಿಯನ್ನು ನೋಡುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೊಬೈಲಿನಿಂದ ಬರುತ್ತಾರೆ, ನಮ್ಮ ದೇಶದ ಮೊಬೈಲ್ ಜಾಲಗಳಲ್ಲಿ ಐಪಿವಿ6 ಈಗ ದಿನಬಳಕೆಯ ಸಂಗತಿ. ಆದ್ದರಿಂದ ಕೊಹಾ ವಿಎಂಗೆ ಮೊದಲ ದಿನವೇ ಐಪಿವಿ6 ವಿಳಾಸವಿದ್ದರೆ ಚೆನ್ನ.

ಬಾಡಿಗೆ ಸರ್ವರಿಗೆ ಸಾಮಾನ್ಯವಾಗಿ ಒಂದು /64 ಕೊಡುತ್ತಾರೆ, ಗೇಟ್‌ವೇ ಎಂದು ಎಫ್‌ಇ80::1 ಬರೆದಿರುತ್ತಾರೆ. ಇಲ್ಲಿ ಎಆರ್‌ಪಿ ಇಲ್ಲ, ಅದರ ಕೆಲಸವನ್ನು ನೇಬರ್ ಡಿಸ್ಕವರಿ ಮಾಡುತ್ತದೆ. ಆದರೆ ಪ್ರಶ್ನೆ ಅದೇ. ಅಂಚೆಯವನು ಕೂಗುತ್ತಾನೋ, ಕಟ್ಟನ್ನು ಯಜಮಾನರಿಗೆ ಕೊಡುತ್ತಾನೋ? ಟಿಸಿಪಿಡಂಪ್ ಪರೀಕ್ಷೆಯನ್ನು ಐಪಿವಿ6 ವಿಳಾಸಕ್ಕೂ ಮಾಡಿ. ನಿಮ್ಮ ಐಪಿವಿ4 ರೂಟ್ ಆಗಿ ಬಂದಿದೆ ಎಂದ ಮಾತ್ರಕ್ಕೆ ಇದೂ ಹಾಗೆಯೇ ಎಂದು ಭಾವಿಸಬೇಡಿ, ಒಂದೇ ಸಂಸ್ಥೆ ಎರಡನ್ನು ಎರಡು ರೀತಿಯಲ್ಲಿ ಕೊಡುವುದುಂಟು. ರೂಟ್ ಆಗಿ ಬರುತ್ತಿದ್ದರೆ ಹೊರಗಿನ ಕಾರ್ಡಿಗೆ ಒಂದೇ ವಿಳಾಸವನ್ನು /128 ಎಂದು ಕೊಟ್ಟು, ಬಿಆರ್1ಕ್ಕೆ ಮಿಕ್ಕ /64 ಕೊಡಿ. ಕೂಗುತ್ತಿದ್ದರೆ ಹೋಸ್ಟಿನಲ್ಲಿ, ವಿಎಂಗಳ ಪರವಾಗಿ ಓಗೊಡುವ ಎನ್‌ಡಿಪಿ (ನೇಬರ್ ಡಿಸ್ಕವರಿ) ಪ್ರಾಕ್ಸಿ ನಡೆಸಬೇಕಾಗುತ್ತದೆ.

ಒಂದು ಎಡವುಗಲ್ಲು ಇದೆ. ಐಪಿವಿ6ಕ್ಕೆ ಫಾರ್ವರ್ಡಿಂಗ್ ಆನ್ ಮಾಡಿದ ಕೂಡಲೇ ಲಿನಕ್ಸ್ ತನ್ನನ್ನು ತಾನು ರೂಟರ್ ಎಂದು ಎಣಿಸಿ, ಬೇರೆ ರೂಟರ್‌ಗಳ ಪ್ರಕಟಣೆಗಳನ್ನು ಕೇಳುವುದನ್ನು ನಿಲ್ಲಿಸುತ್ತದೆ. ನಿಮ್ಮ ಹೋಸ್ಟ್ ತನ್ನ ಗೇಟ್‌ವೇಯನ್ನು ಆ ಪ್ರಕಟಣೆಯಿಂದಲೇ ಕಲಿತಿದ್ದರೆ ಅದನ್ನು ಕಳೆದುಕೊಳ್ಳುತ್ತದೆ. ಗೇಟ್‌ವೇಯನ್ನು ಫೈಲಿನಲ್ಲಿ ಕೈಯಾರೆ ಬರೆದಿದ್ದರೆ ತೊಂದರೆಯಿಲ್ಲ. ಇಲ್ಲವಾದರೆ ಹೊರಗಿನ ಕಾರ್ಡಿಗೆ ಪ್ರಕಟಣೆ ಸ್ವೀಕರಿಸುವ ಮೌಲ್ಯವನ್ನು 1ರ ಬದಲು 2 ಮಾಡಬೇಕು. ಫಾರ್ವರ್ಡಿಂಗ್ ಇದ್ದರೂ ಕೇಳು ಎಂಬುದು ಅದರ ಅರ್ಥ.


ಧಾರವಾಡ_ಪುಸ್ತಕಪಟ್ಟಿ

ಎಲ್ಲರ ಸಲಹೆಯನ್ನೂ ಕೂಡಿಸಿ ಮಾಡಿದ್ದನ್ನು, ನಡುವೆ ಬಂದ ಒಂದು ತೊಡಕನ್ನೂ ಸೇರಿಸಿ, ಬರೆಯುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ, ಗ್ರಂಥಾಲಯಗಳು ಮುಚ್ಚಿರುವ ಹೊತ್ತಿನಲ್ಲಿ, ಬಯಲುಸೀಮೆ ಅವರು ಹೇಳಿದಂತೆ ಹತ್ತು ನಿಮಿಷದ ಹಿಂದಿರುಗುವ ಕೆಲಸ ನಿಗದಿಪಡಿಸಿಕೊಂಡು ಬಿಆರ್0 ತೆಗೆದೆ. ಮೊದಲ ಬಾರಿ ಹೊಸ ಸಂಪರ್ಕ ತೆರೆಯಲಿಲ್ಲ. ಹತ್ತು ನಿಮಿಷ ಕಳೆದು ಇನ್ನೂ ಕೆಲವು ನಿಮಿಷಕ್ಕೆ ಸರ್ವರ್ ಹಳೆಯ ಸ್ಥಿತಿಯಲ್ಲಿ ಎದ್ದು ಬಂತು. ನೋಡಿದರೆ ಹೊಸ ಫೈಲಿನಲ್ಲಿ ಕಾರ್ಡಿನ ಹೆಸರಿನ ಒಂದು ಅಂಕಿ ತಪ್ಪಿತ್ತು. ಎರಡನೆಯ ಬಾರಿ ಸರಿಹೋಯಿತು. ಬಿಆರ್1 ರಚಿಸಿ, 41 ಹೋಸ್ಟಿಗೆ, 42 ಮೇಲ್‌ಗೆ, 43 ಕೊಹಾಗೆ, 44 ಜಾಲತಾಣಕ್ಕೆ ಕೊಟ್ಟೆ. ಮೂರು ವಿಎಂಗಳೂ ಕೂಡಲೇ ಹೊರಗಿನಿಂದ ಉತ್ತರಿಸಿದವು.

ತೊಡಕು ಬಂದದ್ದು ಬುಧವಾರ. ಕರ್ನಲ್ ಅಪ್‌ಡೇಟ್ ಆದ ಮೇಲೆ ಹೋಸ್ಟ್ ರೀಬೂಟ್ ಮಾಡಿದೆ, ಹೋಸ್ಟ್ ಬಂತು, ವಿಎಂಗಳು ಚಾಲೂ ಆದವು, ಆದರೆ ಒಂದೂ ಹೊರಗಿನಿಂದ ಸಿಗಲಿಲ್ಲ. ಹೋಸ್ಟಿನ ಒಳಗಿನಿಂದ ಪಿಂಗ್ ಮಾಡಿದರೆ ಮೂರೂ ಉತ್ತರಿಸುತ್ತಿದ್ದವು. ಟಿಸಿಪಿಡಂಪ್ ಹಿಡಿದು ನೋಡಿದೆ: ಪ್ಯಾಕೆಟ್ ಹೊರಗಿನ ಕಾರ್ಡಿಗೆ ಬರುತ್ತಿದೆ, ಬಿಆರ್1ರಲ್ಲಿ ಕಾಣುತ್ತಿಲ್ಲ. ಫಾರ್ವರ್ಡಿಂಗ್ ಮೌಲ್ಯ ನೋಡಿದರೆ 0 ಇತ್ತು. ಭಾನುವಾರ ಅದೇ ಮೌಲ್ಯ 1 ಇದ್ದದ್ದನ್ನು ಕಣ್ಣಾರೆ ನೋಡಿ, ಮೊದಲೇ ಇದೆಯಲ್ಲ ಎಂದು ನಾನು ಯಾವ ಫೈಲಿನಲ್ಲಿಯೂ ಬರೆದಿರಲಿಲ್ಲ. ಅದು ಹೇಗೆ ಬದಲಾಯಿತೆಂದು ತಿಳಿಯದೆ ಒಂದು ಗಂಟೆ ಹುಡುಕಿದೆ.


ಉತ್ತರ: ತುಂಗಾತೀರ

ಇದರಲ್ಲಿ ನನ್ನ ಪಾಲೂ ಇದೆ. ಲಿಬ್‌ವರ್ಟಿನ ಪೂರ್ವನಿಯೋಜಿತ ಎನ್‌ಎಟಿ ಜಾಲ ಆರಂಭವಾಗುವಾಗ, ತನಗೆ ಬೇಕೆಂದು ಫಾರ್ವರ್ಡಿಂಗ್ ಮೌಲ್ಯವನ್ನು ತಾನೇ 1 ಮಾಡುತ್ತದೆ. ಭಾನುವಾರ ನೀವು ನೋಡಿದ 1 ಅದು ಬರೆದದ್ದು. ಆ ಜಾಲ ತಾನಾಗಿ ಆರಂಭವಾಗದಂತೆ ಮಾಡಿರೆಂದು ನಾನೇ ಹೇಳಿದೆ, ಫಾರ್ವರ್ಡಿಂಗನ್ನು ಫೈಲಿನಲ್ಲಿ ಬರೆದಿಡಿ ಎಂಬುದನ್ನು ಬಿಡಿಸಿ ಹೇಳಲಿಲ್ಲ. ಚಾಲನೆಯಲ್ಲಿದ್ದಾಗ ಮೌಲ್ಯ ಹಾಗೆಯೇ ಉಳಿದು, ರೀಬೂಟ್ ಆದ ಮೇಲೆ ಕರ್ನಲ್ಲಿನ ಮೂಲ ಮೌಲ್ಯ 0 ಬಂದಿದೆ. ಕರ್ನಲ್ಲಿನ ಮೌಲ್ಯಗಳನ್ನು ಬರೆದಿಡುವ ಸಿಸ್‌ಸಿಟಿಎಲ್ ಡೈರೆಕ್ಟರಿಯಲ್ಲಿ ನಿಮ್ಮದೇ ಹೆಸರಿನ ಒಂದು ಫೈಲ್ ಮಾಡಿ, ಐಪಿವಿ4 ಫಾರ್ವರ್ಡಿಂಗ್ 1 ಎಂಬ ಒಂದು ಸಾಲು ಬರೆಯಿರಿ.


ಧಾರವಾಡ_ಪುಸ್ತಕಪಟ್ಟಿ

ಹಾಗೆಯೇ ಬರೆದೆ. ಗುರುವಾರ ರಾತ್ರಿ ಎರಡು ಬಾರಿ ಬೇಕೆಂದೇ ರೀಬೂಟ್ ಮಾಡಿ, ಎರಡೂ ಬಾರಿ ಏನನ್ನೂ ಮುಟ್ಟದೆ ಮೊಬೈಲಿನಿಂದ ನೋಡಿದೆ; 42, 43, 44 ಮೂರೂ ಉತ್ತರಿಸಿದವು. 41ರಲ್ಲಿ ಎಸ್‌ಎಸ್‌ಎಚ್ ತೆರೆದೇ ಇತ್ತು, ಅದನ್ನೂ ಮುಚ್ಚಿದ್ದೇನೆ. ನಮಗೇ ಕಳುಹಿಸಿಕೊಂಡ ಪರೀಕ್ಷಾ ಪತ್ರದ ತಲೆಬರಹದಲ್ಲಿ 198.51.100.42 ಎಂದೇ ಇದೆ. ಅದರ ರಿವರ್ಸ್ ಡಿಎನ್‌ಎಸ್ ಹೆಸರನ್ನು ಬದಲಿಸಲು ಸಂಸ್ಥೆಗೆ ಕೋರಿಕೆ ಹಾಕಿದ್ದೇನೆ, ಅದು ಆದ ಬಳಿಕವೇ ಶಾಲೆಗಳ ಮೇಲ್ ಖಾತೆಗಳನ್ನು ಇಲ್ಲಿಗೆ ತರುತ್ತೇವೆ.

ಪಡುಗಡಲು ಅವರೇ, ಐಪಿವಿ6 ಪರೀಕ್ಷೆಯಲ್ಲಿ ನಮಗೆ ಕಂಡದ್ದು ನೇಬರ್ ಡಿಸ್ಕವರಿ ಪ್ರಶ್ನೆಗಳು. ಅಂದರೆ ಅಲ್ಲಿ ಅಂಚೆಯವನು ಕೂಗುತ್ತಿದ್ದಾನೆ. ಎನ್‌ಡಿಪಿ ಪ್ರಾಕ್ಸಿ ಬಗ್ಗೆ ಓದಿಕೊಂಡು, ಅದಕ್ಕೆ ಬೇರೆಯದೇ ಪ್ರಶ್ನೆ ಹಾಕುತ್ತೇನೆ.